ಕಡೆಮನೆಯಿಂದ ಬಂದವಳು

ನಮ್ಮ ಮನೆ ದೇವಸ್ಥಾನದ ಗೋಡೆಯ ಒಳಗಿದೆ. ಹೊರಗಿನವರು ಇದನ್ನು ಕೇಳಿದರೆ ಕೈಮುಗಿಯುತ್ತಾರೆ. ಪುಣ್ಯವಂತರು ನೀವು, ಎದ್ದರೆ ದೇವರು, ಮಲಗಿದರೆ ದೇವರು ಅನ್ನುತ್ತಾರೆ. ಮದುವೆಯಾಗಿ ಬಂದ ಹೊಸದರಲ್ಲಿ ನಾನೂ ಹಾಗೇ ಅಂದುಕೊಂಡಿದ್ದೆ. ಎತ್ತರದ ಕಲ್ಲಿನ ಗೋಡೆ, ನಡುವೆ ಹಳೆಯ ಗುಡಿ, ಗುಡಿಯನ್ನು ಸುತ್ತಿ ಬರುವ ಒಂದೇ ಬೀದಿ, ಬೀದಿಯುದ್ದಕ್ಕೂ ಒಂದಕ್ಕೊಂದು ಬೆನ್ನು ಅಂಟಿಸಿಕೊಂಡ ಸಣ್ಣ ಮನೆಗಳು. ಒಬ್ಬರ ಮನೆಯ ಒಗ್ಗರಣೆಗೆ ಪಕ್ಕದ ಮನೆಯವರು ಸೀನುವಷ್ಟು ಹತ್ತಿರ. ಮನೆ ನಮ್ಮದಲ್ಲ, ದೇವಸ್ಥಾನದ್ದು. ದೇವರ ಕೆಲಸ ಮಾಡುವ ತನಕ ಇರಬಹುದು.

ನಮ್ಮ ಅತ್ತೆ ದೇವರ ದೀಪಕ್ಕೆ ಬತ್ತಿ ಹೊಸೆಯುತ್ತಿದ್ದರು. ಬೆಳಗ್ಗೆ ಕಾಫಿ ಕುಡಿದು ಜಗಲಿಯಲ್ಲಿ ಹತ್ತಿಯ ಬುಟ್ಟಿ ಇಟ್ಟುಕೊಂಡು ಕೂತರೆ ಬಿಸಿಲು ಕಾಲಿಗೆ ಬರುವ ತನಕ ಏಳುತ್ತಿರಲಿಲ್ಲ. ಬೆರಳಿಗೆ ಚೂರು ವಿಭೂತಿ ಹಚ್ಚಿಕೊಂಡು ತೊಡೆಯ ಮೇಲೆ ಒಂದು ಸಲ ಉಜ್ಜಿದರೆ ಬತ್ತಿ. ಕೈ ಬತ್ತಿಯ ಮೇಲೆ, ಬಾಯಿ ಬೀದಿಯ ಮೇಲೆ. ಹೋಗುವವರನ್ನು ಬರುವವರನ್ನು ಮಾತಾಡಿಸದೆ ಬಿಡುತ್ತಿರಲಿಲ್ಲ. ನಾನು ಕೆಲಸಕ್ಕೆ ಹೊರಟರೆ, "ಸೀರೆ ಸೊಟ್ಟಗಿದೆ ಕಣೇ, ಆಸ್ಪತ್ರೆಯವರು ರೋಗಿ ಅಂದ್ಕೊಂಡು ಮಲಗಿಸಿಬಿಡ್ತಾರೆ" ಎಂದು ಕೂಗುತ್ತಿದ್ದರು. ಹತ್ತಿರ ಕರೆದು ಸೆರಗು ಸರಿ ಮಾಡಿ ಕಳಿಸುತ್ತಿದ್ದರು. ಅತ್ತೆ ಸೊಸೆ ಎಣ್ಣೆ ಸೀಗೆಕಾಯಿ ಅನ್ನುತ್ತಾರಲ್ಲ, ನಮ್ಮಿಬ್ಬರಲ್ಲಿ ಎಣ್ಣೆ ಯಾರು ಸೀಗೆಕಾಯಿ ಯಾರು ಅಂತ ದಿನಾ ಜಗಳ. ಆದರೆ ಜಗಳದ ನಡುವೆಯೇ ಅವರು ನನ್ನ ಮಗಳನ್ನು ಬೆಳೆಸಿದರು, ನಾನು ಕೆಲಸಕ್ಕೆ ಹೋದೆ.

ನನ್ನ ಕೆಲಸ ಆಸ್ಪತ್ರೆಯ ಬಟ್ಟೆ ಒಗೆಯುವ ಮನೆಯಲ್ಲಿ. ದೊಡ್ಡ ಯಂತ್ರಗಳಿಗೆ ಹಾಸಿಗೆಯ ಬಟ್ಟೆ ತುಂಬುವುದು, ತೆಗೆಯುವುದು, ಹಬೆಯ ಮುಂದೆ ನಿಂತು ಇಸ್ತ್ರಿ ಮಾಡಿ ಮಡಚುವುದು. ಸಂಜೆಗೆ ಕೈಯ ಚರ್ಮ ನೆನೆಸಿಟ್ಟ ಕಡಲೆಯ ಹಾಗೆ ಸುಕ್ಕಾಗಿರುತ್ತದೆ.

ನಮ್ಮ ಮನೆಯವರದು ದೇವಸ್ಥಾನದ ದೊಡ್ಡ ಬಾಗಿಲಲ್ಲಿ ನಿಲ್ಲುವ ಕೆಲಸ. ಅವರ ಅಪ್ಪನೂ ಅಲ್ಲೇ ನಿಂತಿದ್ದರು. ಅಂಗಿ ತೆಗೀರಿ, ಬನಿಯನ್ನೂ ತೆಗೀರಿ, ಬೆಲ್ಟು ಚರ್ಮದ್ದಾ, ಅಲ್ಲಿಡಿ, ಮನೇಲಿ ಯಾರಾದ್ರೂ ತೀರಿಕೊಂಡಿದಾರಾ, ಹಾಗಾದ್ರೆ ಹೊರಗಿಂದಲೇ ಕೈಮುಗೀರಿ. ದಿನವಿಡೀ ಇದನ್ನೇ ಹೇಳಿ ಹೇಳಿ ನಾಲಿಗೆಗೆ ಅಭ್ಯಾಸವಾಗಿಬಿಟ್ಟಿತ್ತು. ಒಮ್ಮೆ ನಮ್ಮಣ್ಣ ಮನೆಗೆ ಬಂದಾಗ ಕದ ತೆಗೆದವರೇ "ಅಂಗಿ ತೆಗೀರಿ" ಅಂದಿದ್ದರು. "ಬಂದವರಿಗೆ ಮೊದಲು ನೀರು ಕೊಡೋದು ಕಣೋ, ಬಟ್ಟೆ ಬಿಚ್ಚಿಸೋದಲ್ಲ" ಎಂದು ಅತ್ತೆ ಒಳಗಿಂದ ನಕ್ಕಿದ್ದರು.

ಗೋಡೆಗೆ ಇನ್ನೊಂದು ಬಾಗಿಲಿದೆ. ಹಿಂಬದಿಗೆ, ತಲೆ ಬಗ್ಗಿಸಿ ದಾಟಬೇಕಾದ ಕಿರುಬಾಗಿಲು. ಅದರಾಚೆ ನಾಲ್ಕು ಗೋಡೆಯ ಒಂದು ಕೋಣೆ. ಅದಕ್ಕೆ ಕಡೆಮನೆ ಅನ್ನುತ್ತಾರೆ. ನಾನು ಹೇಳಹೊರಟಿರುವುದು ಅದರ ಕಥೆ.

ಗೋಡೆಯೊಳಗೆ ಯಾರಾದರೂ ಸತ್ತರೆ ದೇವರಿಗೆ ಮೈಲಿಗೆ. ಗರ್ಭಗುಡಿಯ ಬಾಗಿಲು ಹಾಕಬೇಕು, ಪೂಜೆ ನಿಲ್ಲಬೇಕು, ನೈವೇದ್ಯ ಇಲ್ಲ, ಶುದ್ಧಿ ಮಾಡಿದ ಮೇಲಷ್ಟೇ ಬಾಗಿಲು ತೆಗೆಯಬೇಕು. ಇದು ಪದ್ಧತಿ. ಈ ಪದ್ಧತಿಗೆ ಯಾವ ಕಾಲದಲ್ಲೋ ಯಾರೋ ಬುದ್ಧಿವಂತರು ಒಂದು ಬಾಲ ಅಂಟಿಸಿದರು: ಸಾಯುವಂತೆ ಕಂಡವರನ್ನು ಸಾಯುವ ಮೊದಲೇ ಕಿರುಬಾಗಿಲಿಂದ ಆಚೆ ದಾಟಿಸಿಬಿಡುವುದು. ಬಾಯಿಗೆ ತೀರ್ಥ ಬಿಟ್ಟು ಕಳಿಸುತ್ತಾರೆ. ತೀರ್ಥ ಬಿಟ್ಟ ಬಾಯಿಗೆ ಮತ್ತೆ ಬೇರೇನೂ ಹಾಕಬಾರದು, ನೀರನ್ನೂ. ಬೀದಿಯಲ್ಲಿ ಇದನ್ನು ಯಾರೂ ಇದರ ಹೆಸರಿನಿಂದ ಕರೆಯುವುದಿಲ್ಲ. "ಅಜ್ಜನ್ನ ಗಾಳಿಗೆ ಕರ್ಕೊಂಡು ಹೋಗಿದಾರೆ" ಅನ್ನುತ್ತಾರೆ. ಮಕ್ಕಳಿಗೂ ಗೊತ್ತು, ಗಾಳಿಗೆ ಹೋದವರು ಬರುವುದಿಲ್ಲ. ಬೀದಿಯಲ್ಲಿ ಯಾರಾದರೂ ಜೋರಾಗಿ ಕೆಮ್ಮಿದರೆ ಪಕ್ಕದವರು ತಮಾಷೆಗೆ "ಏನು, ಗಾಳಿ ಬೇಕಾ" ಎಂದು ಕೇಳುತ್ತಾರೆ. ಎಲ್ಲರೂ ನಗುತ್ತಾರೆ. ಯಾರ ನಗುವೂ ಕಣ್ಣಿನ ತನಕ ಹೋಗುವುದಿಲ್ಲ.

ಕಡೆಮನೆಯಲ್ಲಿ ಮಲಗಿದವರ ಹತ್ತಿರ ಹೋಗಿ ಕೂತು ಬರುತ್ತಿದ್ದವರು ಅತ್ತೆ ಒಬ್ಬರೇ. ಬಂದು ತಲೆಗೆ ನೀರು ಹಾಕಿಕೊಂಡು ಒಳಗೆ ಬರುತ್ತಿದ್ದರು. ಆ ದಿನಗಳಲ್ಲಿ ಮಾತ್ರ ಬತ್ತಿ ಹೊಸೆಯುವಾಗ ಮಾತಾಡುತ್ತಿರಲಿಲ್ಲ.

ಅತ್ತೆ ಬಿದ್ದ ದಿನ ನಾನು ಕೆಲಸದಲ್ಲಿದ್ದೆ. ಮರುದಿನ ಗುಡಿಯಲ್ಲಿ ದೊಡ್ಡ ಪೂಜೆ, ದೂರದೂರದಿಂದ ಜನ ಬರುವವರಿದ್ದರು. ಅದಕ್ಕಾಗಿ ಬುಟ್ಟಿಗಟ್ಟಲೆ ಬತ್ತಿ ಹೊಸೆದು, ಕೊನೆಯ ಹಿಡಿ ಹತ್ತಿ ಎತ್ತಿಕೊಳ್ಳುವಾಗ ಕೈ ಏಳಲಿಲ್ಲವಂತೆ. ಬಾಯಿ ಒಂದು ಕಡೆಗೆ ಎಳೆದುಕೊಂಡು ಹತ್ತಿಯ ಬುಟ್ಟಿಯ ಮೇಲೇ ಒರಗಿದರಂತೆ. ಎದುರುಮನೆಯಾಕೆ ಓಡಿ ಹೋಗಿ ನಮ್ಮ ಮನೆಯವರನ್ನು ಕರೆತಂದಳು. ಇವರು ಗಾಡಿ ಕರೆಸಿ ಆಸ್ಪತ್ರೆಗೆ ಒಯ್ಯುವವರಿದ್ದರು. ಅಷ್ಟರಲ್ಲಿ ದೊಡ್ಡಮಾವ ಬಂದರು.

ದೊಡ್ಡಮಾವ ಅಂದರೆ ನಮ್ಮ ಮಾವನ ಅಣ್ಣ. ದೇವಸ್ಥಾನದ ಪಾರುಪತ್ಯ ಅವರದು. ಮೆತ್ತಗೆ ಮಾತಾಡುವ ಮನುಷ್ಯ. ಕತ್ತರಿಸುವವರೂ ಮೆತ್ತಗೆ ಮಾತಾಡಬಲ್ಲರು ಅನ್ನುವುದು ನನಗೆ ಆಮೇಲೆ ಗೊತ್ತಾಯಿತು.

"ಗಾಡಿ ಗೋಡೆ ಒಳಗೆ ಬರೋ ಹಾಗಿಲ್ಲ. ದೊಡ್ಡ ಬಾಗಿಲ ತನಕ ಹೊತ್ಕೊಂಡು ಹೋಗೋವಾಗ ದಾರೀಲೇ ಹೋಗಿಬಿಟ್ರೆ? ನಾಳೆ ಪೂಜೆಗೆ ಅಷ್ಟು ಜನ ಬರ್ತಾರೆ, ಏನು ಹೇಳ್ಲಿ ಅವರಿಗೆ?" ಎಂದರಂತೆ. "ಕಿರುಬಾಗಿಲು ಹತ್ತಿರ. ಕಡೆಮನೇಲಿ ಮಲಗಿಸೋಣ. ಅಲ್ಲಿಗೇ ಗಾಡಿ ಕರೆಸ್ತೀನಿ, ನಾನಿದೀನಲ್ಲ."

ತೀರ್ಥ ಬಿಟ್ಟರು, ಹೊತ್ತರು, ಮಲಗಿಸಿದರು. ಗಾಡಿ ಬರಲಿಲ್ಲ. ಯಾರೂ ಕರೆಯಲಿಲ್ಲ.

ನಾನು ಮನೆಗೆ ಬಂದಾಗ ಮಗಳು ಜಗಲಿಯಲ್ಲಿ ಅಜ್ಜಿಯ ಹೊದಿಕೆ ತಬ್ಬಿಕೊಂಡು ಕೂತಿದ್ದಳು. "ಅಜ್ಜೀನ ಗಾಳಿಗೆ ಕರ್ಕೊಂಡು ಹೋದ್ರು. ಹೊದಿಕೆ ಬಿಟ್ಟು ಹೋಗಿದಾರೆ, ಚಳಿ ಆಗಲ್ವಾ" ಅಂದಳು. ಇವರು ಅಡುಗೆಮನೆಯ ಗೋಡೆಗೆ ಒರಗಿ ನೆಲ ನೋಡುತ್ತಿದ್ದರು.

"ಉಸಿರು ಇತ್ತಾ?" ಕೇಳಿದೆ.

"ಇತ್ತು."

"ಕಣ್ಣು ಬಿಡ್ತಿದ್ರಾ?"

"ನನ್ನೇ ನೋಡ್ತಿದ್ಲು."

ನಾನು ಮಗಳ ಕೈಯಿಂದ ಹೊದಿಕೆ ತೆಗೆದುಕೊಂಡು ಕಿರುಬಾಗಿಲ ಕಡೆ ನಡೆದೆ.

ಕಡೆಮನೆಗೆ ಕಿಟಕಿ ಇಲ್ಲ. ಒಂದು ಕಲ್ಲಿನ ಕಟ್ಟೆ, ಅದರ ಮೇಲೆ ಚಾಪೆ. ದೀಪ ಇಡುವ ಗೂಡು ಕೂಡ ಇಲ್ಲ, ಸಾಯಲು ಬೆಳಕು ಯಾಕೆ ಅಂದುಕೊಂಡಿರಬೇಕು ಕಟ್ಟಿಸಿದವರು. ಚಿಲಕ ಹೊರಗಡೆಗಿದೆ. ಓದುವವರು ಇಲ್ಲಿ ಒಂದು ಕ್ಷಣ ನಿಲ್ಲಬೇಕು. ಸಾಯುತ್ತಿರುವವರ ಕೋಣೆಗೆ ಹೊರಗಡೆ ಚಿಲಕ ಯಾಕೆ ಬೇಕು? ಎದ್ದು ಬರುತ್ತಾರೆ ಅನ್ನುವ ಭಯ ಇಲ್ಲದಿದ್ದರೆ ಆ ಚಿಲಕವನ್ನು ಯಾರು ಹಾಕಿಸುತ್ತಿದ್ದರು?

ಅತ್ತೆ ಕಣ್ಣು ಬಿಟ್ಟುಕೊಂಡಿದ್ದರು. ತುಟಿ ಒಡೆದಿತ್ತು. ನನ್ನನ್ನು ನೋಡಿ ಎಡಗೈ ಎತ್ತಿ ಏನೋ ಅಂದರು. ಮಾತು ತೊದಲುತ್ತಿತ್ತು. ಕಿವಿ ಹತ್ತಿರ ಇಟ್ಟೆ. "ತಡ ಆಯ್ತಲ್ಲೇ" ಅಂದರು. ಸೊಸೆ ಮನೆಗೆ ತಡವಾಗಿ ಬಂದರೆ ದಿನಾ ಹೇಳುವ ಮಾತು. ಅಷ್ಟು ಹೊತ್ತಿಗೆ ಗುಡಿಯಲ್ಲಿ ದೀಪ ಹಚ್ಚಿದ್ದರು. ಆಕೆ ಹೊಸೆದ ಬತ್ತಿ ಒಳಗೆ ಉರಿಯುತ್ತಿತ್ತು, ಆಕೆ ಹೊರಗೆ ಕತ್ತಲಲ್ಲಿ ಬಾಯಾರಿ ಬಿದ್ದಿದ್ದರು.

ನಾನು ಆಸ್ಪತ್ರೆಗೆ ಫೋನು ಮಾಡಿದೆ. ನಾನು ದಿನಾ ಯಾರ ಕೋಟಿಗೆ ಇಸ್ತ್ರಿ ಹಾಕುತ್ತೇನೋ ಆ ಡಾಕ್ಟರಮ್ಮ ಗಾಡಿ ಕಳಿಸಿದರು. ಅತ್ತೆಯನ್ನು ನೋಡಿ ಅವರು ಮೊದಲು ಕೇಳಿದ್ದು, "ಬಿದ್ದ ತಕ್ಷಣ ಯಾಕೆ ತರಲಿಲ್ಲ?"

ನಾನು ಇದ್ದದ್ದು ಇದ್ದ ಹಾಗೆ ಹೇಳಿದೆ. ಅವರು ನಾಡಿ ಹಿಡಿದ ಕೈ ಬಿಡದೆ ನನ್ನ ಮುಖ ನೋಡಿದರು. "ಇವರಿಗೆ ಲಕ್ವ ಹೊಡೆದಿದೆ. ಇದು ಸಾಯೋ ಅಂಥದ್ದಲ್ಲ. ಅಲ್ಲೇ ಬಿಟ್ಟಿದ್ರೆ ನೀರಿಲ್ಲದೆ ಸಾಯ್ತಿದ್ರು" ಅಂದರು.

ಅತ್ತೆ ಉಳಿದರು. ಬಲಗೈ ಪೂರ್ತಿ ಬರಲಿಲ್ಲ, ಬಾಯಿ ಸ್ವಲ್ಪ ಸೊಟ್ಟಗೇ ಉಳಿಯಿತು. ಕೋಲು ಹಿಡಿದು ವಾರ್ಡಿನಲ್ಲಿ ನಡೆದಾಡತೊಡಗಿದರು. ಪಕ್ಕದ ಹಾಸಿಗೆಯಾಕೆಗೆ, "ಮುಂಚೆ ನೇರ ಬೈತಿದ್ದೆ, ಈಗ ಸೊಟ್ಟಗೆ ಬೈತೀನಿ, ನಮ್ಮ ಸೊಸೆಗೆ ಬೈದರೆ ಮಗನಿಗೆ ತಾಗುತ್ತೆ" ಎಂದು ಹೇಳಿ ನಗಿಸುತ್ತಿದ್ದರು. ಮಗ ಒಂದು ದಿನವೂ ಬರಲಿಲ್ಲ. ಕಡೆಮನೆಗೆ ಹೋದವರ ಮುಖ ನೋಡಿದರೆ ಬಾಗಿಲ ಕೆಲಸಕ್ಕೆ ನಿಲ್ಲುವ ಹಾಗಿಲ್ಲ ಎಂದು ದೊಡ್ಡಮಾವ ಹೇಳಿದ್ದರು. ಅತ್ತೆ ಕೇಳಲೂ ಇಲ್ಲ. ಬಾಗಿಲ ಕಡೆ ಯಾರಾದರೂ ಗಂಡಸರು ಬಂದರೆ ಮಾತ್ರ ಮಾತು ನಿಲ್ಲಿಸಿ ನೋಡುತ್ತಿದ್ದರು.

ಮನೆಗೆ ಕರೆದುಕೊಂಡು ಹೋಗಬಹುದು ಎಂದು ಡಾಕ್ಟರಮ್ಮ ಹೇಳಿದ ದಿನ ನಾನು ಅವರ ಹಾಸಿಗೆ ಬಿಸಿಲಿಗೆ ಹಾಕಿದೆ. ಅದನ್ನು ನೋಡಿ ಎದುರುಮನೆಯಾಕೆ ಯಾರಿಗೆ ಹೇಳಿದಳೋ, ಸಂಜೆಯೊಳಗೆ ದೊಡ್ಡಮಾವ, ಪುರೋಹಿತರು, ಬೀದಿಯ ಹಿರಿಯರು ನಮ್ಮ ಜಗಲಿಗೆ ಬಂದು ಕೂತರು.

"ನೋಡಮ್ಮ," ದೊಡ್ಡಮಾವ ಶುರು ಮಾಡಿದರು, "ಅವಳು ಬದುಕಿದ್ದು ನಮಗೂ ಸಂತೋಷವೇ. ಆದರೆ ಬಾಯಿಗೆ ತೀರ್ಥ ಬಿಟ್ಟು, ದೇವರ ಅಪ್ಪಣೆ ತಗೊಂಡು ಕಳಿಸಿಕೊಟ್ಟಾಗಿದೆ. ಗೋಡೆಯೊಳಗೆ ಅವಳು ಇಲ್ಲ ಅಂತಲೇ ಲೆಕ್ಕ."

"ಲೆಕ್ಕ ತಪ್ಪಾಗಿದೆ ದೊಡ್ಡಮಾವ. ಡಾಕ್ಟರು ತಿದ್ದಿದಾರೆ."

"ಡಾಕ್ಟರಿಗೆ ದೇಹ ಗೊತ್ತು. ದೇವರ ಮನೆ ವಿಷಯ ಅವರಿಗೇನು ಗೊತ್ತು?"

"ಆಯ್ತು, ದೇವರ ವಿಷಯವೇ ಮಾತಾಡೋಣ. ಹೋಗು ಅಂತ ಅಪ್ಪಣೆ ಕೊಟ್ಟವನೂ ದೇವರು, ಉಳಿಸಿದವನೂ ದೇವರು ಅಲ್ವಾ? ಮೊದಲನೇ ಮಾತು ನಿಮಗೆ ಕೇಳಿಸ್ತು, ಎರಡನೇ ಮಾತು ಯಾಕೆ ಕೇಳಿಸ್ತಿಲ್ಲ?"

"ನಾಲಿಗೆ ಉದ್ದ ಆಯ್ತು," ಹಿರಿಯರೊಬ್ಬರು ಗೊಣಗಿದರು. "ಹೊರಗೆ ದುಡಿಯೋ ಹೆಂಗಸರ ಹಣೆಬರಹವೇ ಇದು."

"ಹೌದು, ಹೊರಗೆ ದುಡೀತೀನಿ. ಒಳಗೆ ದುಡಿದವರನ್ನ ನೀವು ಹೊರಗೆ ಹಾಕ್ತೀರಲ್ಲ."

ಎದುರುಮನೆಯಾಕೆ ತನ್ನ ಹೊಸಿಲಲ್ಲಿ ನಿಂತಿದ್ದಳು. ಅವಳ ತಾಯಿಯನ್ನು ಹೋದ ಚಳಿಗಾಲದಲ್ಲಿ ಗಾಳಿಗೆ ಕರೆದುಕೊಂಡು ಹೋಗಿದ್ದರು. ಅಲ್ಲಿಂದಲೇ ಹೇಳಿದಳು: "ನಮ್ಮಮ್ಮನ್ನ ನಾವು ಕಳಿಸಲಿಲ್ವಾ? ನಾವೇನು ಕಲ್ಲಾ? ಎಲ್ಲರೂ ನಡೆಸ್ಕೊಂಡು ಬಂದಿದ್ದು. ನಿಮ್ಮತ್ತೆಗೆ ಮಾತ್ರ ಬೇರೆ ಪದ್ಧತಿ ಯಾಕಮ್ಮ?" ಅವಳ ದನಿಯಲ್ಲಿ ಸಿಟ್ಟಿತ್ತು. ಸಿಟ್ಟಿನ ಕೆಳಗೆ ಇನ್ನೇನೋ ಇತ್ತು, ನನಗೆ ಆಗ ಅರ್ಥವಾಗಲಿಲ್ಲ.

ಪುರೋಹಿತರು ಗಂಟಲು ಸರಿ ಮಾಡಿಕೊಂಡರು. "ದಾರಿ ಇಲ್ಲ ಅಂತಲ್ಲ. ದರ್ಭೆಯಲ್ಲಿ ಒಂದು ಆಕಾರ ಮಾಡಿ ಮಗ ಸಂಸ್ಕಾರ ಮುಗಿಸಿಬಿಟ್ರೆ ಇಲ್ಲಿನ ಋಣ ಹರಿದ ಹಾಗೆ. ಆಮೇಲೆ ಆಯಮ್ಮ ಹೊರಗೆ ಎಲ್ಲಾದ್ರೂ ಒಂದು ಕೋಣೆಯಲ್ಲಿ ಇರಬಹುದು. ಊಟ ಬಟ್ಟೆ ನೀವು ಕಳಿಸಿದ್ರೂ ದೋಷ ಇಲ್ಲ. ಮಗ ಅಂತ, ಅಮ್ಮ ಅಂತ ಕರೀಬಾರದು, ಅಷ್ಟೇ."

"ಬದುಕಿರೋ ತಾಯಿಗೆ ಪಿಂಡ ಇಡಬೇಕಾ?"

"ಶಾಂತಿಗೋಸ್ಕರ."

"ಯಾರ ಶಾಂತಿಗೆ?"

ದೊಡ್ಡಮಾವ ನನ್ನನ್ನು ಬಿಟ್ಟು ಇವರ ಕಡೆ ತಿರುಗಿದರು. ಮಗನ ತಲೆ ಸವರುವ ಹಾಗೆ ಹೇಳಿದರು: "ನಿನಗೂ ಒಂದು ಹೆಣ್ಣುಮಗು ಇದೆ. ಈ ಮನೆ, ಈ ಕೆಲಸ ನಿಮ್ಮಪ್ಪನ ಕಾಲದ್ದು. ನನ್ನ ಕೈಯಿಂದ ಅದನ್ನ ತಪ್ಪಿಸೋ ಹಾಗೆ ಮಾಡ್ಬೇಡ ಮಗಾ."

ಇವರು "ಆಗ್ಲಿ" ಅಂದರು.

ಅವರು ಹೋದ ಮೇಲೆ ನಾನು ಗಂಡನ ಮುಂದೆ ತಟ್ಟೆ ಇಟ್ಟೆ. ಅನ್ನ ಬಡಿಸಿದೆ. "ಊಟ ಮಾಡಿ," ಅಂದೆ. "ಈ ಕೈಲೇ ತಾನೇ ನಾಳೆ ಪಿಂಡ ಇಡೋದು. ಶಕ್ತಿ ಬೇಕಲ್ಲ."

"ನಾನೇನು ಮಾಡ್ಲಿ ಹೇಳು. ಬೀದಿಗೆ ಬೀಳಬೇಕಾ ಎಲ್ಲರೂ?"

"ಅಮ್ಮ ಆಗಲೇ ಬಿದ್ದಿದಾರಲ್ಲ ರೀ."

ಅವರು ತಟ್ಟೆ ಸರಿಸಿ ಎದ್ದು ಹೋದರು. ಕೆಟ್ಟ ಗಂಡಸಲ್ಲ. ಕುಡಿಯುವುದಿಲ್ಲ, ಹೊಡೆಯುವುದಿಲ್ಲ, ಮಗಳ ಜಡೆ ಹಾಕುತ್ತಾರೆ. ಇಂಥ ಒಳ್ಳೆಯವರ ಹೆಗಲ ಮೇಲೇ ಇಂಥ ಪದ್ಧತಿಗಳು ನಿಂತಿರುವುದು. ಕೆಟ್ಟವರನ್ನು ನಂಬಿಕೊಂಡಿದ್ದರೆ ಎಂದೋ ಬಿದ್ದುಹೋಗುತ್ತಿದ್ದವು.

ಮರುದಿನ ಬೆಳಗ್ಗೆ ಮಗಳನ್ನು ಕರೆದುಕೊಂಡು ಆಸ್ಪತ್ರೆಗೆ ಹೋಗಿ ಅತ್ತೆಗೆ ಎಲ್ಲವನ್ನೂ ಹೇಳಿದೆ. ಮುಚ್ಚಿಡುವ ಯೋಚನೆ ಬಂದಿತ್ತು. ಆದರೆ ತನ್ನನ್ನು ಸತ್ತವಳು ಅಂತ ಊರೆಲ್ಲ ಒಪ್ಪಿಕೊಳ್ಳುವಾಗ ಆ ಒಬ್ಬಳಿಗೇ ತಿಳಿಸದಿರುವುದು ಯಾವ ನ್ಯಾಯ? ಅತ್ತೆ ಬಾರದ ಬಲಗೈಯನ್ನು ಎಡಗೈಯಿಂದ ಎತ್ತಿ ಮಡಿಲಲ್ಲಿಟ್ಟುಕೊಂಡರು.

"ಅವನು ಒಪ್ಪಿದ್ನಾ?"

"ಒಪ್ಪಿದ್ರು."

"ಯಾವ ಹೊತ್ತಿಗಂತೆ?"

"ಈಗಲೇ. ಕೊಳದ ಮೆಟ್ಟಿಲಲ್ಲಿ."

"ಹಾಗಾದ್ರೆ ಬೇಗ ಹೊರಡೇ," ಅಂದರು ಅತ್ತೆ, ಕಾಲು ಕೆಳಗೆ ಬಿಟ್ಟು ಚಪ್ಪಲಿ ಹುಡುಕುತ್ತಾ. "ನನ್ನ ತಿಥಿಗೆ ನಾನೇ ತಡವಾಗಿ ಹೋದರೆ ಏನು ಚೆನ್ನಾಗಿರುತ್ತೆ."

ಆಟೋದಲ್ಲಿ ಮಗಳು ಅಜ್ಜಿಯ ಕೋಲು ಹಿಡಿದುಕೊಂಡು ಕೂತಿದ್ದಳು.

ಕೊಳ ಗೋಡೆಯ ಹೊರಗಿದೆ. ಮೆಟ್ಟಿಲ ಮೇಲೆ ಇವರು ಒದ್ದೆ ಪಂಚೆಯಲ್ಲಿ, ಬೋಳಿಸಿದ ತಲೆಯಲ್ಲಿ ಕೂತಿದ್ದರು. ಮುಂದೆ ಬಾಳೆಲೆ, ಎಳ್ಳು, ದರ್ಭೆಯ ಬೊಂಬೆ. ಅದಕ್ಕೆ ಒಂದು ತುಂಡು ಸೀರೆ ಸುತ್ತಿದ್ದರು. ಅತ್ತೆಯ ಹಳೆಯ ಸೀರೆ ಹರಿದದ್ದು. ಕೈಯಲ್ಲಿ ಅನ್ನದ ಉಂಡೆ. ಪುರೋಹಿತರು ಹೇಳಿಕೊಡುತ್ತಿದ್ದರು, ಇವರ ತುಟಿ ಅಲ್ಲಾಡುತ್ತಿತ್ತು, ದನಿ ಹೊರಡುತ್ತಿರಲಿಲ್ಲ.

"ಯಾರದಪ್ಪಾ ಇದು?" ಅತ್ತೆ ಮೇಲಿನ ಮೆಟ್ಟಿಲಲ್ಲಿ ಕೋಲೂರಿ ನಿಂತು ಕೇಳಿದರು. "ಹೋದವರು ಒಳ್ಳೆಯವರಾ?"

ಇವರು ತಿರುಗಿದರು. ಕೈಯಲ್ಲಿದ್ದ ಉಂಡೆ ಜಾರಿ ಮೆಟ್ಟಿಲ ಮೇಲೆ ಒಡೆಯಿತು.

"ಅಮ್ಮಾ."

"ಗುರುತು ಸಿಕ್ತಲ್ಲ, ಸದ್ಯ. ಮೈ ಒರೆಸ್ಕೋ. ಬೋಳುತಲೆ, ಒದ್ದೆ ಬಟ್ಟೆ, ನೆಗಡಿ ಆಗುತ್ತೆ ನಿಂಗೆ."

ಇವರು ಮುಖ ಮುಚ್ಚಿಕೊಂಡು ಅತ್ತರು. ನಾನು ಮದುವೆಯಾದ ಮೇಲೆ ಅವರು ಅತ್ತದ್ದನ್ನು ಕಂಡಿರಲಿಲ್ಲ. ಅತ್ತೆ ಸಮಾಧಾನ ಮಾಡಲಿಲ್ಲ. ನಿಂತು ನೋಡಿದರು. ಅವರ ಮುಖದಲ್ಲಿ ನಗು ಇರಲಿಲ್ಲ.

"ನನ್ನ ಹೊತ್ಕೊಂಡು ಹೋಗೋವಾಗ ನಾನು ನಿನ್ನನ್ನೇ ನೋಡ್ತಿದ್ದೆ ಕಣೋ. ನೀನು ಕಾಲಿನ ಕಡೆ ಹಿಡಿದಿದ್ದೆ. ಒಂದು ಸಲನಾದ್ರೂ ನಿಲ್ತೀಯೇನೋ ಅಂತ. ನಿಲ್ಲಲಿಲ್ಲ."

"ತಪ್ಪಾಯ್ತಮ್ಮ."

"ಆಯ್ತು. ಏಳೀಗ."

"ಅರ್ಧಕ್ಕೆ ಏಳೋ ಹಾಗಿಲ್ಲ," ಪುರೋಹಿತರು ಅಂದರು.

"ಸತ್ತವಳೇ ಎದ್ದು ಬಂದಿದಾಳೆ ಸ್ವಾಮಿ, ಬದುಕಿರೋನು ಏಳಬಾರದಾ?" ಅಂದರು ಅತ್ತೆ. ದರ್ಭೆಯ ಬೊಂಬೆಯಿಂದ ತನ್ನ ಸೀರೆಯ ತುಂಡನ್ನು ಕೋಲಿನ ತುದಿಯಿಂದ ಬಿಡಿಸಿ ಆಚೆ ತಳ್ಳಿದರು.

ನಾವು ದೊಡ್ಡ ಬಾಗಿಲಿಗೆ ಬರುವ ಹೊತ್ತಿಗೆ ಸುದ್ದಿ ನಮಗಿಂತ ಮುಂದೆ ಹೋಗಿತ್ತು. ದೊಡ್ಡಮಾವ ಬಾಗಿಲ ನಡುವೆ ನಿಂತಿದ್ದರು. ಹಿಂದೆ ಅರ್ಚಕರು, ಬೀದಿಯ ಹೆಂಗಸರು ಗಂಡಸರು. ದರ್ಶನಕ್ಕೆ ಬಂದವರು ಅಂಗಿ ಕೈಯಲ್ಲಿ ಹಿಡಿದು ಏನು ನಡೆಯುತ್ತಿದೆ ಎಂದು ನೋಡುತ್ತಿದ್ದರು.

"ಬಾಗಿಲು ಕಾಯೋನು ನೀನು," ದೊಡ್ಡಮಾವ ಇವರಿಗೆ ಹೇಳಿದರು. "ನಿನ್ನ ಕೆಲಸ ಏನು ಅಂತ ನಿಂಗೆ ಗೊತ್ತಿದೆ. ತಡಿ ಅವಳನ್ನ."

ಇವರು ಅಮ್ಮನ ತೋಳು ಹಿಡಿದಿದ್ದರು. ಬಿಡಲಿಲ್ಲ. ಈ ಸಲ ದನಿ ಹೊರಟಿತು. "ಅಂಗಿ ತೆಗೀರಿ ಅಂತ ಹೇಳೋಕೆ ನನ್ನ ಇಲ್ಲಿ ನಿಲ್ಲಿಸಿದ್ರಿ ದೊಡ್ಡಪ್ಪ. ಉಸಿರು ತೆಗೀರಿ ಅಂತ ಹೇಳೋಕಲ್ಲ. ಇವತ್ತಿಂದ ಅಂಗಿ ತೆಗೀರಿ ಅಂತಲೂ ಹೇಳಲ್ಲ. ಬೇರೆಯವರನ್ನ ನೋಡ್ಕೊಳ್ಳಿ."

"ಮನೆ ಬಿಡಬೇಕಾಗುತ್ತೆ."

"ಬಿಡಿಸೋವಾಗ ಬಿಡಿಸಿ. ಇವತ್ತು ಅಮ್ಮ ಮನೇಲಿ ಮಲಗ್ತಾಳೆ."

"ಅವಳು ಹೆಜ್ಜೆ ಇಟ್ರೆ ಗರ್ಭಗುಡಿ ಬಾಗಿಲು ಹಾಕಿಸ್ತೀನಿ. ಇಷ್ಟು ಜನರ ಶಾಪ ನಿಮ್ಮ ತಲೆ ಮೇಲೆ."

"ಭಾವ," ಅಂದರು ಅತ್ತೆ. ತಮ್ಮನ ಹೆಂಡತಿ ಭಾವನ ಎದುರು ನಿಂತು ಹೀಗೆ ಕಣ್ಣಲ್ಲಿ ಕಣ್ಣಿಟ್ಟು ಮಾತಾಡಿದ್ದನ್ನು ಆ ಬೀದಿ ಕಂಡಿರಲಿಲ್ಲ. "ನನಗೂ ಆ ದೇವರಿಗೂ ನಿಮಗಿಂತ ಹತ್ತಿರದ ಪರಿಚಯ. ನನ್ನ ಮುಖ ನೋಡೋಕೆ ಅವನಿಗೆ ಆಗಲ್ಲ ಅಂದ್ರೆ ಅವನೇ ಬಾಗಿಲು ಹಾಕ್ಕೊಳ್ಳಲಿ. ನೀವು ಯಾಕೆ ಹೆದರ್ತಿದೀರಿ ಅಂತ ನಂಗೆ ಗೊತ್ತು."

"ನಾನ್ಯಾಕೆ ಹೆದರಲಿ?"

"ಅಕ್ಕನೂ ಎದ್ದು ಕೂತಿದ್ಲು ಭಾವ."

ದೊಡ್ಡಮಾವನ ಹೆಂಡತಿಯನ್ನು ನಾನು ನೋಡಿಲ್ಲ. ನಾನು ಆ ಮನೆಗೆ ಬರುವ ಮುಂಚೆಯೇ ಜ್ವರದಲ್ಲಿ ಗಾಳಿಗೆ ಹೋದವರು. ದೊಡ್ಡಮಾವನ ಕೈ ಬಾಗಿಲ ಕಲ್ಲನ್ನು ಹಿಡಿಯಿತು.

"ನಾನು ಹೋದಾಗ ಜ್ವರ ಬಿಟ್ಟಿತ್ತು. ತಲೆ ಬಾಚ್ಕೋಬೇಕು, ಬಾಚಣಿಗೆ ಕೊಡು ಅಂದ್ಲು. ಅವರಿಗೆ ಹೇಳು, ನಾನು ಚೆನ್ನಾಗಿದೀನಿ ಅಂದ್ಲು. ಬಂದು ನಿಮಗೆ ಹೇಳಿದೆ. ಹೋದವರು ಬರೋ ಹಾಗಿಲ್ಲ ಅಂದ್ರಿ. ಹೊರಗಿಂದ ಚಿಲಕ ಹಾಕಿಸಿದ್ರಿ. ನನಗೂ ಆಗ ಧೈರ್ಯ ಇರಲಿಲ್ಲ, ಸುಮ್ಮನಾದೆ. ಈಗ ನಾನು ಒಳಗೆ ಬಂದ್ರೆ, ಅವಳೂ ಬರಬಹುದಿತ್ತು ಅಂತಾಗುತ್ತೆ. ಅದಕ್ಕೆ ನಿಮಗೆ ಮೈಲಿಗೆ."

ದೊಡ್ಡಮಾವ ಬಾಗಿಲಿಂದ ಸರಿಯಲಿಲ್ಲ, ತಡೆಯಲೂ ಇಲ್ಲ. ಅತ್ತೆ ಕೋಲೂರಿಕೊಂಡು, ಮೈ ಒಂದು ಕಡೆಗೆ ವಾಲಿಸಿಕೊಂಡು, ಅವರ ಪಕ್ಕದಿಂದ ದಾಟಿ ಬೀದಿಗೆ ಬಂದರು. ನಾವು ಹಿಂದೆ ಬಂದೆವು. ಅರ್ಚಕರು ಗರ್ಭಗುಡಿಯ ಬಾಗಿಲು ಹಾಕಿದ ಸದ್ದು ನಾವು ನಮ್ಮ ಹೊಸಿಲು ತಲುಪುವ ಮುಂಚೆಯೇ ಕೇಳಿಸಿತು.

ಸತ್ತರೆ ಬಾಗಿಲು ಹಾಕುವ ದೇವರ ಮನೆ ಅಂತ ಎಲ್ಲರೂ ಹೇಳುತ್ತಿದ್ದರು. ಬದುಕಿ ಬಂದರೂ ಹಾಕುತ್ತಾರೆ ಅನ್ನುವುದು ಅವತ್ತು ಗೊತ್ತಾಯಿತು. ದೇವರ ಹೆಸರಿನಲ್ಲಿ ನಾವು ಕಾಪಾಡಿಕೊಂಡು ಬಂದದ್ದು ಶುದ್ಧಿಯನ್ನಲ್ಲ, ನಮ್ಮ ನಮ್ಮ ಕೈಯನ್ನು. ತಾಯಿಯನ್ನು ಹೊತ್ತ ಕೈ, ಚಿಲಕ ಹಾಕಿದ ಕೈ, ನೀರು ಕೊಡದ ಕೈ. ಅದನ್ನು ಪದ್ಧತಿ ಎಂದು ಕರೆದರೆ ಯಾರೂ ತೊಳೆದುಕೊಳ್ಳಬೇಕಾಗಿಲ್ಲ.

ಅತ್ತೆ ಒಳಗೆ ಮಲಗಲು ಒಪ್ಪಲಿಲ್ಲ. ಜಗಲಿಯಲ್ಲೇ ದಿಂಬಿಗೆ ಒರಗಿ ಕೂತರು. ಮಗಳು ಹೊದಿಕೆ ತಂದು ಹೊದಿಸಿದಳು. ಬೀದಿಯ ಮನೆಗಳ ಕದಗಳು ಒಂದೊಂದಾಗಿ ಮುಚ್ಚಿಕೊಂಡವು. ಎದುರುಮನೆಯಾಕೆ ಮಾತ್ರ ತನ್ನ ಹೊಸಿಲಲ್ಲೇ ಕಂಬದ ಹಾಗೆ ನಿಂತಿದ್ದಳು.

ಮಧ್ಯಾಹ್ನ ದೂರದಿಂದ ಬಂದ ಒಬ್ಬ ಹೆಂಗಸು, ಸೊಂಟದಲ್ಲಿ ಮಗು, ಗುಡಿಯ ಕಡೆಯಿಂದ ವಾಪಸ್ಸು ಬರುತ್ತಾ ಅವಳ ಮುಂದೆ ನಿಂತಳು. "ಬಾಗಿಲು ಹಾಕಿದಾರಲ್ಲಮ್ಮ. ಬೀದೀಲಿ ಯಾರಾದ್ರೂ ತೀರಿಕೊಂಡ್ರಾ?"

"ಇಲ್ಲ," ಅಂದಳು ಎದುರುಮನೆಯಾಕೆ. "ಒಬ್ಬರು ಬದುಕಿ ಬಂದಿದಾರೆ."

"ಅದಕ್ಕೆ ಯಾಕೆ ಬಾಗಿಲು ಹಾಕ್ತಾರೆ?"

ಎದುರುಮನೆಯಾಕೆ ಹೇಳಲು ಬಾಯಿ ತೆರೆದಳು. ಇದೇ ಹೊಸಿಲಲ್ಲಿ ನಿಂತು ಅಷ್ಟೆಲ್ಲ ವಾದ ಮಾಡಿದ ಬಾಯಿ. ಆ ಹೆಂಗಸು ಸ್ವಲ್ಪ ಹೊತ್ತು ಕಾದು, ಮಗುವನ್ನು ಇನ್ನೊಂದು ಸೊಂಟಕ್ಕೆ ಬದಲಿಸಿಕೊಂಡು ಹೊರಟುಹೋದಳು.

ಎದುರುಮನೆಯಾಕೆ ಹೊಸಿಲು ಇಳಿದಳು. ಎಲ್ಲರ ಕಿಟಕಿಗಳ ಮುಂದೆಯೇ ಬೀದಿ ದಾಟಿ ಬಂದು ನಮ್ಮ ಜಗಲಿಯ ಕೆಳಗಿನ ಮೆಟ್ಟಿಲಲ್ಲಿ, ಅತ್ತೆಯ ಕಾಲ ಬಳಿ ಕೂತಳು. ತಲೆ ಎತ್ತದೆ ಕೇಳಿದಳು:

"ನೀವು ಹೋಗಿ ಕೂತಿದ್ರಲ್ಲ ಅಲ್ಲಿ, ಕಡೆಮನೇಲಿ. ನಮ್ಮಮ್ಮ ಏನಾದ್ರೂ ಕೇಳಿದ್ಲಾ?"

ಅತ್ತೆ ತಮ್ಮ ಎಡಗೈಯನ್ನು ಅವಳ ತಲೆಯ ಮೇಲಿಟ್ಟರು.

"ನೀರು ಕೇಳಿದ್ಲು. ನಾನು ಸೆರಗು ಒದ್ದೆ ಮಾಡ್ಕೊಂಡು ಹೋಗಿ ಬಾಯಿಗೆ ಹಿಂಡಿದೆ," ಅಂದರು. "ಆಮೇಲೆ ನಿನ್ನನ್ನ ಕೇಳಿದ್ಲು."